ಸಪ್ಪಳವಿಲ್ಲದ ಗಾಳಿ

ಕರೆಂಟು ಹೋದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಮದುವೆಯಾಗಿ ಗುತ್ತಲಕ್ಕೆ ಬಂದು ಮೂವತ್ತು ವರ್ಷ ದಾಟಿದ ನನಗೂ ಆ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ. ಆದರೆ 2022ರ ಏಪ್ರಿಲ್ ತಿಂಗಳ ಒಂದು ರಾತ್ರಿಯನ್ನು ನೆನೆದಾಗ ಮಾತ್ರ, ಅಂದು ಕರೆಂಟು ಹೋದದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ.

ರಾತ್ರಿ ಒಂದೂವರೆಯ ಹೊತ್ತು. ಮಗಳು ಪಡಸಾಲೆಯ ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ, ಕಿವಿಗೆ ಹೆಡ್‌ಫೋನು ಸಿಗಿಸಿಕೊಂಡು ಕೂತಿದ್ದಳು. ಸೆಕೆಗೆ ಒಳಗೆ ಮಲಗಲಾರದೆ ನಾನೂ ಅಲ್ಲೇ ಚಾಪೆ ಹಾಸಿಕೊಂಡಿದ್ದೆ. ಪಡಸಾಲೆಗೆ ಹೊಂದಿಕೊಂಡ ಕೋಣೆಯಲ್ಲಿ ನಮ್ಮ ಅತ್ತೆ. ಎಂಬತ್ತಾರು ವರ್ಷದ ಅವರು ಆ ವರ್ಷ ಸಂಕ್ರಾಂತಿ ಕಳೆದ ವಾರದಲ್ಲೇ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಗಿತ್ತು. ಯಾರಾದರೂ ಹಿಡಿದುಕೊಳ್ಳದೆ ಒಬ್ಬರೇ ಏಳಕೂಡದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು.

ಇದ್ದಕ್ಕಿದ್ದಂತೆ ಕರೆಂಟು ಹೋಯಿತು. ದೀಪ ಹೋಯಿತು, ತಲೆಯ ಮೇಲಿನ ಫ್ಯಾನು ನಿಂತಿತು, ಕಂಪ್ಯೂಟರೂ ಸತ್ತುಬಿತ್ತು. ಅದರೊಂದಿಗೆ ಹೊಂಯ್ ಎನ್ನುವ ಒಂದು ಸಪ್ಪಳವೂ ಹೋಯಿತು. ಅಂಥದೊಂದು ಸಪ್ಪಳ ಮನೆಯಲ್ಲಿ ತಿಂಗಳುಗಟ್ಟಲೆ ಇತ್ತು ಎಂಬುದು ನನಗೆ ತಿಳಿದದ್ದೇ ಅದು ನಿಂತಾಗ. ನಿಂತ ಮರುಗಳಿಗೆಯಲ್ಲಿ ಕೋಣೆಯೊಳಗಿಂದ ಸಣ್ಣ ದನಿ ಕೇಳಿಸಿತು.

"ಯಾರರ ಬರ್ರೆವಾ..."

ನಾನು ದಡಬಡಿಸಿ ಎದ್ದು ಹೋದೆ. ಮಗಳು ಮೊಬೈಲಿನ ಬೆಳಕು ಹಿಡಿದಳು. ಅತ್ತೆ ಗೋಡೆಯ ಕಡೆಗೆ ಮುಖ ಮಾಡಿಕೊಂಡಿದ್ದರು. ಹಾಸಿಗೆ ಒದ್ದೆಯಾಗಿತ್ತು. "ಎಷ್ಟೊತ್ತಿಂದ ಕರಿಯಾಕತ್ತೀನಿ, ಯಾರಿಗೂ ಕೇಳವಲ್ದು. ಇರ್ಲಿ ಬಿಡ್ರಿ, ನಿಮ್ಮ ಕೆಲಸ ನಿಮಗ" ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಒಂದು ಕಾಲಕ್ಕೆ ಈ ಮನೆಯ ಹದಿನಾಲ್ಕು ಮಂದಿಗೆ ರೊಟ್ಟಿ ಬಡಿದು ಹಾಕಿದ ಜೀವ ಅದು. ಸೀರೆ ಬದಲಿಸುವಾಗ ನನ್ನ ಮುಖ ನೋಡಲಿಲ್ಲ. ಮೊಮ್ಮಗಳ ಮುಖವನ್ನಂತೂ ನೋಡಲೇ ಇಲ್ಲ.

ಮರುದಿನ ನಮ್ಮ ಮನೆಯವರು ಅವರ ತಲೆದೆಸೆಗೆ ಒಂದು ಹಿತ್ತಾಳೆ ಗಂಟೆ ತಂದಿಟ್ಟರು. "ದೇವರಿಗೆ ಬಾರಿಸೂ ಗಂಟಿ, ಇದಕ್ಕ ಬಾರಿಸಬೇಕೇನ?" ಎಂದು ಅತ್ತೆ ಅದನ್ನು ಮುಟ್ಟಲಿಲ್ಲ. ಒತ್ತುವ ಬೆಲ್ಲು ತಂದದ್ದಾಯಿತು. ಓಣಿಗೆಲ್ಲ ಕೇಳುತ್ತದೆಂದು ಅದನ್ನೂ ಒತ್ತಲಿಲ್ಲ. ಮನುಷ್ಯರನ್ನು ಕರೆಯಲು ಬಾಯಿದೆಯಲ್ಲ ಎಂಬುದು ಅವರ ವಾದ. ಆ ವಾದದಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ತಪ್ಪಿದ್ದದ್ದು ನಮ್ಮ ಕಿವಿಯ ಕಡೆಗೆ.

ಇಲ್ಲಿ ಮಗಳ ಕೆಲಸದ ಬಗ್ಗೆ ಒಂದೆರಡು ಮಾತು ಹೇಳಬೇಕು. ಅವಳು ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತಾಳೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಸ್ಟುಡಿಯೋದವರು ಚಿತ್ರೀಕರಣ ಮಾಡಿ ಹಾರ್ಡ್‌ಡಿಸ್ಕ್ ಕಳಿಸುತ್ತಾರೆ. ಇವಳು ಅಕ್ಕಿಕಾಳಿನಿಂದ ಹಿಡಿದು ಹೆಣ್ಣೊಪ್ಪಿಸುವವರೆಗಿನ ಎಲ್ಲವನ್ನೂ ಕತ್ತರಿಸಿ, ಜೋಡಿಸಿ, ಬಣ್ಣ ತಿದ್ದಿ, ಹಾಡು ಕೂಡಿಸಿ ಕೊಡುತ್ತಾಳೆ. ಈಗೀಗ ಮದುವೆಗೆ ಮುಂಚೆಯೇ ಗಂಡು ಹೆಣ್ಣು ತುಂಗಭದ್ರೆಯ ದಂಡೆಗೆ, ಚೌಡಯ್ಯದಾನಪುರದ ಮುಕ್ತೇಶ್ವರ ಗುಡಿಯ ಹತ್ತಿರ ಹೋಗಿ ಫೋಟೋ ತೆಗೆಸಿಕೊಂಡು ಬರುತ್ತಾರೆ. ಗುತ್ತಲವನ್ನು ಆಳಿದ ಗುತ್ತರಸರ ಶಾಸನಗಳು ಆ ಗುಡಿಯಲ್ಲಿವೆ. ಅವುಗಳ ಎದುರು ಈಗಿನ ಜೋಡಿಗಳು ನಡೆದುಬರುವುದನ್ನು ನಮ್ಮ ಪಡಸಾಲೆಯಲ್ಲಿ ಕೂತೇ ನಾನು ನೋಡಿದ್ದೇನೆ. ಲಗ್ನದ ದಿನಗಳಲ್ಲಿ ಅವಳಿಗೆ ಹಗಲು ರಾತ್ರಿ ಒಂದೇ. ಎಲ್ಲ ಮುಗಿದ ಮೇಲೆ ಕಂಪ್ಯೂಟರು ಇಡೀ ಸಿನಿಮಾವನ್ನು ಒಂದು ಫೈಲಾಗಿ ಬೇಯಿಸಬೇಕು. ಅದಕ್ಕೆ ರೆಂಡರ್ ಎನ್ನುತ್ತಾರೆ. ಒಂದು ಮದುವೆಗೆ ನಾಲ್ಕು ಗಂಟೆ ಹಿಡಿಯುತ್ತಿತ್ತು. ಅಷ್ಟು ಹೊತ್ತೂ ಆ ಹೊಂಯ್ ಸಪ್ಪಳ.

ಸಪ್ಪಳ ಬರುತ್ತಿದ್ದದ್ದು ಪ್ರೊಸೆಸರಿನ ಮೇಲೆ ಕೂತ ಸಣ್ಣ ಫ್ಯಾನಿನಿಂದ. ಪ್ರೊಸೆಸರೆಂದರೆ ಕಂಪ್ಯೂಟರಿನ ಮಿದುಳು, ಬೆಂಕಿಪೊಟ್ಟಣಕ್ಕಿಂತ ಅಷ್ಟೇನೂ ದೊಡ್ಡದಲ್ಲದ ಒಂದು ಚೌಕ. ಅದು ಕೆಲಸ ಮಾಡಿದಷ್ಟೂ ಬಿಸಿಯಾಗುತ್ತದೆ. ಬಿಸಿಯನ್ನು ಹೊರಗೆ ಸಾಗಿಸದಿದ್ದರೆ ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ, ತೀರಾ ಹೆಚ್ಚಾದರೆ ಕೆಲಸವನ್ನೇ ನಿಲ್ಲಿಸುತ್ತದೆ. ಮಗಳದ್ದು 65 ವ್ಯಾಟಿನ, ಆರು ಕೋರುಗಳ ಪ್ರೊಸೆಸರು. ಅದರ ಡಬ್ಬಿಯಲ್ಲೇ ಬಂದಿದ್ದ ಫ್ಯಾನು ನನ್ನ ಅಂಗೈಯಗಲದ್ದು. ರೆಂಡರ್ ಶುರುವಾದರೆ ನಿಮಿಷಕ್ಕೆ 2,800 ಸುತ್ತು ತಿರುಗುತ್ತಿತ್ತು. ಅಷ್ಟಾದರೂ ಪ್ರೊಸೆಸರಿನ ಬಿಸಿ 88 ಡಿಗ್ರಿಗೆ ಹೋಗಿ ನಿಲ್ಲುತ್ತಿತ್ತು.

ಕಂಪ್ಯೂಟರನ್ನೇ ಬೇರೆ ಕಡೆ ಇಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮೇಲಿನದು ತಗಡಿನ ಕೋಣೆ, ಏಪ್ರಿಲ್‌ನಲ್ಲಿ ಅಲ್ಲಿ ಮನುಷ್ಯರೇ ಕೂರಲಾರರು. ಯಾವ ಫ್ಯಾನೂ ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಹಿಂದಿನ ಕೋಣೆಯಲ್ಲಿ ಗೋವಿನಜೋಳದ ಚೀಲಗಳು, ಅವುಗಳ ಧೂಳು. ಅತ್ತೆಯ ಮಂಚವನ್ನು ಸರಿಸೋಣವೆಂದರೆ ಬಚ್ಚಲಿಗೆ ಹತ್ತಿರವಿದ್ದದ್ದು ಅದೊಂದೇ ಕೋಣೆ.

ಇಂಥ ಹೊತ್ತಿನಲ್ಲೇ ಮಗಳು ಇನ್ನೊಂದು ಬೇಡಿಕೆ ಇಟ್ಟಿದ್ದಳು. "ಅವ್ವಾ, ಪ್ರೊಸೆಸರನ್ನ ಓವರ್‌ಕ್ಲಾಕ್ ಮಾಡ್ತೀನಿ, ಕೆಲಸ ಲಗೂನ ಆಗತೈತಿ" ಎಂದು ಒಂದು ತಿಂಗಳಿಂದ ಹೇಳುತ್ತಿದ್ದಳು. ಪ್ರೊಸೆಸರಿನೊಳಗೆ ಒಂದು ಗಡಿಯಾರವಿರುತ್ತದಂತೆ. ಅದರ ಬಡಿತಕ್ಕೆ ತಕ್ಕಂತೆ ಲೆಕ್ಕ ನಡೆಯುತ್ತದೆ. 4 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 400 ಕೋಟಿ ಬಡಿತ. ಕಂಪನಿ ಇಟ್ಟ ವೇಗಕ್ಕಿಂತ ಆ ಬಡಿತವನ್ನು ನಾವೇ ಏರಿಸುವುದು ಓವರ್‌ಕ್ಲಾಕಿಂಗ್. ಎಲ್ಲ ಪ್ರೊಸೆಸರುಗಳಲ್ಲೂ ಇದಕ್ಕೆ ಅವಕಾಶವಿರುವುದಿಲ್ಲ. ಅವಕಾಶವಿದ್ದಲ್ಲೂ ಹೀಗೆ ಮಾಡಿ ಕೆಟ್ಟರೆ ಕಂಪನಿಯವರು ಗ್ಯಾರಂಟಿ ಕೊಡದೆ ಹೋಗಬಹುದು.

ಹಿಟ್ಟಿನ ಗಿರಣಿಗೆ ಹೋಗಿ ಬರುವ ನಮಗೆ ಇದು ಹೊಸ ವಿಷಯವೇನಲ್ಲ. ಗದ್ದಲವಿದ್ದ ದಿನ ಗಿರಣಿಯವನು ಕಲ್ಲು ಬಿಗಿಮಾಡಿ ಗಡಿಬಿಡಿಯಲ್ಲಿ ಬೀಸಿ ಕೊಟ್ಟರೆ ಡಬ್ಬಿ ಮುಟ್ಟಲಾಗದಷ್ಟು ಹಿಟ್ಟು ಕಾದಿರುತ್ತದೆ. ಮನೆಗೆ ತಂದು ಹರವಿ ಆರಿಸಿಯೇ ತುಂಬಿಡುತ್ತೇವೆ. ಅವಸರದ ಬೆಲೆಯನ್ನು ಬಿಸಿಯಲ್ಲಿ ಕೊಡಬೇಕು.

ಎಷ್ಟು ಬೆಲೆ ಎಂಬುದನ್ನೂ ನೋಡಿಬಿಡೋಣವೆಂದು ನಾನು ಲೆಕ್ಕಕ್ಕೆ ಕೂತೆ. ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಲೆಕ್ಕ ಹಾಕದೆ ಯಾವ ವಸ್ತುವನ್ನೂ ಕೊಂಡವಳಲ್ಲ. ಮಗಳು ಸೂತ್ರ ಹೇಳಿದಳು. ಪ್ರೊಸೆಸರು ನುಂಗುವ ವಿದ್ಯುತ್ತು ವೇಗಕ್ಕೆ ತಕ್ಕಂತೆ ಏರುತ್ತದೆ, ಆದರೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಹೆಚ್ಚಿಸಲು ವೋಲ್ಟೇಜನ್ನೂ ಹೆಚ್ಚಿಸಬೇಕಾಗುತ್ತದೆ. ವೇಗ ನೂರಕ್ಕೆ ಹತ್ತು, ವೋಲ್ಟೇಜು ನೂರಕ್ಕೆ ಹತ್ತು ಏರಿದರೆ ಬಿಸಿ ನೂರಕ್ಕೆ ಹತ್ತು ಏರುವುದಿಲ್ಲ, ಮೂವತ್ತಮೂರು ಏರುತ್ತದೆ. ಅದರಿಂದ ಉಳಿಯುವ ಸಮಯವೆಷ್ಟು? ನಾಲ್ಕು ಗಂಟೆಯಲ್ಲಿ ಸುಮಾರು ಇಪ್ಪತ್ತೆರಡು ನಿಮಿಷ. ಎರಡನ್ನೂ ಐದೈದೇ ಏರಿಸಿದರೆ ಬಿಸಿ ಹದಿನಾರರಷ್ಟು ಹೆಚ್ಚುತ್ತದೆ, ಹನ್ನೊಂದು ನಿಮಿಷ ಉಳಿಯುತ್ತದೆ.

"ಹನ್ನೊಂದು ನಿಮಿಷಕ್ಕ ಇಷ್ಟೆಲ್ಲಾ ಗದ್ದಲ ಬೇಕೇನ?" ಎಂದೆ.

"ದಿನಕ್ಕ ಎರಡು ರೆಂಡರ್ ಇದ್ರ ಇಪ್ಪತ್ತೆರಡು ನಿಮಿಷ ಅವ್ವಾ. ನಾನು ಅಷ್ಟೊತ್ತು ಹೆಚ್ಚು ಮಲಗ್ತೀನಿ" ಎಂದಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು ಹುಡುಗಿಗೆ. ನಾನು ಸುಮ್ಮನಾದೆ. ಒಬ್ಬರ ದನಿ ನಮಗೆ ಕೇಳಬೇಕು, ಇನ್ನೊಬ್ಬರಿಗೆ ಇಪ್ಪತ್ತು ನಿಮಿಷ ನಿದ್ದೆ ಬೇಕು. ನಡುವೆ ಇರುವವಳಿಗೆ ಇಬ್ಬರೂ ಬೇಕು. ನಮ್ಮ ಹೆಣ್ಣುಮಕ್ಕಳ ಸಂಸಾರವೆಂದರೆ ಬಹುತೇಕ ಇದೇ ಲೆಕ್ಕವಲ್ಲವೇ?

ಬಿಸಿಗೆ ಸೋತದ್ದು ನಾವಷ್ಟೇ ಅಲ್ಲ. 2004ರಲ್ಲಿ ಇಂಟೆಲ್‌ನಂಥ ಕಂಪನಿಯೇ ತನ್ನ ಪೆಂಟಿಯಂ 4 ಪ್ರೊಸೆಸರನ್ನು 4 ಗಿಗಾಹರ್ಟ್ಸ್‌ಗೆ ಏರಿಸುವ ಯೋಜನೆಯನ್ನು ಕೈಬಿಟ್ಟಿತು. ಮರುವರ್ಷದಿಂದ ಮನೆಯ ಕಂಪ್ಯೂಟರುಗಳಿಗೂ ಎರಡು ಕೋರಿನ ಪ್ರೊಸೆಸರುಗಳು ಬರತೊಡಗಿದವು. ಒಂದೇ ಎತ್ತನ್ನು ಬಾರಿಸಿ ಓಡಿಸುವುದರ ಬದಲು ಜೋಡೆತ್ತು ಹೂಡಿದಂತೆ. ದೊಡ್ಡವರೇ ತಗ್ಗಿ ನಡೆದ ಮೇಲೆ ನಾವು ಐದರಷ್ಟಕ್ಕೆ ತೃಪ್ತಿಪಡುವುದರಲ್ಲಿ ಅವಮಾನವೇನಿಲ್ಲ ಎಂದು ಮಗಳನ್ನು ಒಪ್ಪಿಸಿದೆ. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದದ್ದೂ ಖಾರಕ್ಕಲ್ಲ. ಖಾರ ಕಡಿಮೆಯಿಟ್ಟುಕೊಂಡು ಒಳ್ಳೆಯ ಬಣ್ಣ ಕೊಡುತ್ತದೆಂದು. ಬ್ಯಾಡಗಿಯ ಹದದಲ್ಲೇ ಓವರ್‌ಕ್ಲಾಕ್ ಮಾಡು ಎಂದೆ. ನಕ್ಕಳು, ಒಪ್ಪಿದಳು. ಒಂದೇ ಷರತ್ತು: ಅಜ್ಜಿಯ ದನಿ ಕೇಳಬೇಕು.

ಅದಕ್ಕೊಂದು ಪರೀಕ್ಷೆ ಮಾಡಿದೆವು. ರೆಂಡರ್ ಹಚ್ಚಿ ಮಗಳನ್ನು ಅದರ ಮುಂದೆ ಕೂರಿಸಿ, ನಾನು ಅತ್ತೆಯ ಮಂಚದ ಪಕ್ಕ ನಿಂತು ಅವರ ದನಿಯಷ್ಟೇ ಸಣ್ಣಗೆ "ತಂಗೀ" ಎಂದು ಕರೆದೆ. ಮೂರು ಸಲ ಕರೆದರೂ ಅವಳು ಹೊರಳಿ ನೋಡಲಿಲ್ಲ. ರೆಂಡರ್ ನಿಲ್ಲಿಸಿ, ಮೇಲಿನ ಫ್ಯಾನನ್ನು ಮಾತ್ರ ತಿರುಗಲು ಬಿಟ್ಟು ಕರೆದೆ. ಮೊದಲ ಸಲಕ್ಕೇ "ಹಾಂ" ಎಂದಳು. ಕಳ್ಳ ಯಾರೆಂದು ಸಿಕ್ಕಿದಂತಾಯಿತು. ಮೊಬೈಲಿನಲ್ಲಿ ಸಪ್ಪಳ ಅಳೆಯುವುದೂ ಇದೆ. ಮೇಲಿನ ಫ್ಯಾನು ನಿಲ್ಲಿಸಿ ಕೋಣೆಯ ಬಾಗಿಲಲ್ಲಿ ಹಿಡಿದರೆ ರೆಂಡರ್ ನಡೆದಾಗ 49 ಡೆಸಿಬೆಲ್, ನಿಂತಾಗ 35. ಮೊಬೈಲಿನ ಅಳತೆ ಕರಾರುವಾಕ್ಕಲ್ಲ, ಆದರೆ ವ್ಯತ್ಯಾಸ ತಿಳಿಯಲು ಸಾಕು. ಹತ್ತು ಡೆಸಿಬೆಲ್ ಏರಿದರೆ ನಮ್ಮ ಕಿವಿಗೆ ಸಪ್ಪಳ ಸುಮಾರು ಇಮ್ಮಡಿಯಾದಂತೆ ಅನ್ನಿಸುತ್ತದೆ.

ಇನ್ನು ಕೂಲರ್ ಹುಡುಕುವ ಕೆಲಸ. ಕೂಲರ್ ಎಂದರೆ ಬೇಸಿಗೆಯಲ್ಲಿ ನೀರು ಹಾಕಿ ಇಡುವ ಕೂಲರ್ ಅಲ್ಲ. ಪ್ರೊಸೆಸರಿನ ಮೇಲೆ ಕೂರಿಸುವ ಲೋಹದ ರೆಕ್ಕೆಗಳ ಗೂಡು ಮತ್ತು ಅದಕ್ಕೆ ಗಾಳಿ ಹೊಡೆಯುವ ಫ್ಯಾನು. ಹಾವೇರಿಯಲ್ಲಿ ಕೇಳಿದ ಕಡೆ ಇದ್ದದ್ದೆಲ್ಲ ಹಳೆಯದರಂಥ ಗಿಡ್ಡ ಕೂಲರುಗಳೇ. ಎತ್ತರದ್ದು ಬೇಕಾದರೆ ಹುಬ್ಬಳ್ಳಿಯಿಂದ ತರಿಸಬೇಕು ಎಂದರು.

ಎತ್ತರದ್ದು ಯಾಕೆ ಬೇಕು ಎಂದು ಮಗಳು ನನಗೆ ವಿವರಿಸುತ್ತಿದ್ದಾಗ ಅತ್ತೆ ಒಳಗಿಂದ ಕೇಳಿಸಿಕೊಳ್ಳುತ್ತಿದ್ದರು. ಸಣ್ಣ ಫ್ಯಾನು ಬೇಕಾದಷ್ಟು ಗಾಳಿ ಕೊಡಲು ಜೋರಾಗಿ ತಿರುಗಬೇಕು. ತಿರುಗುವ ವೇಗ ಇಮ್ಮಡಿಯಾದರೆ ಸಪ್ಪಳ ಸುಮಾರು 15 ಡೆಸಿಬೆಲ್ ಏರುತ್ತದೆ. 120 ಮಿಲಿಮೀಟರಿನ ಫ್ಯಾನಿನ ಅಗಲ ಹಳೆಯದರ ಒಂದೂವರೆಯಷ್ಟೂ ಇಲ್ಲ, ಆದರೆ ವಿಸ್ತಾರ ಸುಮಾರು ಎರಡರಷ್ಟು. ಅದು ನಿಧಾನವಾಗಿ ತಿರುಗಿದರೂ ಅಷ್ಟೇ ಗಾಳಿ ಬರುತ್ತದೆ. ಅತ್ತೆ ಒಳಗಿಂದಲೇ, "ಅದನ್ನೇನ ಹೇಳ್ತೀಯ? ನಿಮ್ಮಪ್ಪ ಸಣ್ಣಾಂವಿದ್ದಾಗ ಮರ ತಗೊಂಡು ಗಾಳಿ ಹಾಕ್ತಿದ್ದೆ. ಬೀಸಣಿಕಿ ಹತ್ತು ಸಲ ಆಡ್ಸೂದು ಒಂದ, ಮರ ಎರಡು ಸಲ ಆಡ್ಸೂದು ಒಂದ. ಕೂಸೂ ಏಳ್ತಿದ್ದಿಲ್ಲ" ಎಂದರು. ಕಾಳು ಕೇರುವ ಮರದಿಂದ ಗಾಳಿ ಹಾಕಿದ ಆ ಕೈಗೆ ತಿಳಿದಿದ್ದನ್ನೇ ನಾವು ಮೂರು ದಿನ ಮೊಬೈಲಿನಲ್ಲಿ ಓದಿ ತಿಳಿದುಕೊಂಡಿದ್ದೆವು.

ಆ ರಾತ್ರಿಯ ನಂತರ ಅತ್ತೆ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಆಮೇಲೆ ಕೂಲರಿನ ಆಯ್ಕೆಯಲ್ಲಿ ಅವರನ್ನೂ ಸೇರಿಸಿಕೊಂಡೆವು.

ಸದ್ದಿಲ್ಲದ ಫ್ಯಾನಿಗೆ ಹೆಸರಾದ ಆಸ್ಟ್ರಿಯಾ ದೇಶದ ಒಂದು ಕಂಪನಿಯಿದೆ, ನಾಕ್ಟುವಾ ಎಂದು. ಅದರ ಎನ್‌ಎಚ್-ಯು12ಎಸ್ ಎಂಬ ಕೂಲರಿನ ಫ್ಯಾನು ನಿಮಿಷಕ್ಕೆ 1,500 ಸುತ್ತು, ಅಂದರೆ ಪೂರ್ತಿ ವೇಗದಲ್ಲಿ ತಿರುಗಿದಾಗಲೂ 22.4 ಡೆಸಿಬೆಲ್ ಮಾತ್ರ ಎಂದು ಕಂಪನಿ ಹೇಳುತ್ತದೆ. ನಾಕ್ಟುವಾ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಗೂಬೆ. ಡಬ್ಬಿಯ ಮೇಲೆ ಅದರದೇ ಗುರುತು. ಗೂಬೆಯ ರೆಕ್ಕೆಯ ಅಂಚಿನಲ್ಲಿ ಬಾಚಣಿಗೆಯಂಥ ಸಣ್ಣ ಹಲ್ಲುಗಳಿರುತ್ತವೆ, ಅವು ಗಾಳಿಯನ್ನು ನುಣ್ಣಗೆ ಸೀಳುವುದರಿಂದ ಹಾರುವಾಗ ಸದ್ದಾಗುವುದಿಲ್ಲ ಎಂದು ಮಗಳು ಅಜ್ಜಿಗೆ ಬಣ್ಣಿಸಿದಳು. ಅಜ್ಜಿ ಎಲ್ಲ ಕೇಳಿ, "ಹಾರಲಿ, ಯಾರು ಬ್ಯಾಡಂದ್ರು? ಗೂಗಿ ಹೆಸರಿಂದು ಮನಿಯೊಳಗ ಮಾತ್ರ ಬ್ಯಾಡ" ಎಂದುಬಿಟ್ಟರು. ಬೆಲೆ ನೋಡಿದಾಗ ನನಗೂ ಅವರ ಮಾತೇ ಸರಿ ಅನ್ನಿಸಿತು.

ನೀರಿನ ಕೂಲರುಗಳೂ ಇವೆ. ಕೊಳವೆಯಲ್ಲಿ ದ್ರವ ಹರಿಸಿ ಬಿಸಿಯನ್ನು ಒಯ್ದು ಬೇರೆ ಕಡೆ ಆರಿಸುತ್ತವೆ. ತುಂಬ ಹೆಚ್ಚು ಓವರ್‌ಕ್ಲಾಕ್ ಮಾಡುವವರಿಗೆ ಅವು ಬೇಕಾಗಬಹುದು. ಆದರೆ ಅದರಲ್ಲಿ ಫ್ಯಾನಿನ ಜೊತೆ ಪಂಪಿನದೂ ಒಂದು ಸದ್ದು ಇರುತ್ತದೆ. ಪಂಪು ಕೆಟ್ಟರೆ ಎಲ್ಲವೂ ನಿಂತಂತೆ. ಗಾಳಿಯ ಕೂಲರಿನಲ್ಲಿ ಕೆಡುವುದು ಒಂದು ಫ್ಯಾನು, ಅದನ್ನು ಬದಲಿಸಿದರೆ ಆಯಿತು. ನಮ್ಮ ಹದಿನಾರರಷ್ಟು ಬಿಸಿಗೆ ಗಾಳಿಯೇ ಸಾಕು ಎಂದು ತೀರ್ಮಾನಿಸಿದೆವು.

ಹುಬ್ಬಳ್ಳಿಯವರು ಮೊಬೈಲಿಗೆ ಮೂರು ಕೂಲರುಗಳ ಚಿತ್ರ ಕಳಿಸಿದರು. ಒಂದು ತುಂಬ ಭರ್ಜರಿಯಾಗಿತ್ತು. ಎರಡು ಗೋಪುರ, ಎರಡು ಫ್ಯಾನು, 165 ಮಿಲಿಮೀಟರ್ ಎತ್ತರ. ಮಗಳ ಮನಸ್ಸು ಅದರ ಮೇಲೆ. ನಾನು ಹೊಲಿಗೆಯ ಟೇಪು ತಂದು, ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆಸಿ, ಪ್ರೊಸೆಸರಿನ ಮೇಲ್ಮೈಯಿಂದ ತಗಡಿನ ಅಂಚಿನವರೆಗೆ ಹಿಡಿದು ನೋಡಿದೆ. ಹದಿನಾರು ಸೆಂಟಿಮೀಟರು ಮಾತ್ರ, ಅಂದರೆ 160 ಮಿಲಿಮೀಟರು. ಭರ್ಜರಿಯದನ್ನು ತಂದಿದ್ದರೆ ಬಾಗಿಲು ಮುಚ್ಚುತ್ತಿರಲಿಲ್ಲ. ಅಳತೆ ತೆಗೆಯದೆ ಜಂಪರಿನ ಬಟ್ಟೆ ಕತ್ತರಿಸಿದವರ ಪಾಡಾಗುತ್ತಿತ್ತು. ಪಕ್ಕದ ಮೆಮೊರಿ ಪಟ್ಟಿಗಳಿಗೆ ಫ್ಯಾನು ತಾಗುತ್ತದೋ ಎಂಬುದನ್ನೂ ನೋಡಿಕೊಳ್ಳಬೇಕು. ಕೊನೆಗೆ 155 ಮಿಲಿಮೀಟರಿನ, ಒಂದೇ ಗೋಪುರದ, ನಾಲ್ಕು ತಾಮ್ರದ ಕೊಳವೆಗಳ, 120 ಮಿಲಿಮೀಟರಿನ ಒಂದು ಫ್ಯಾನಿರುವುದನ್ನು ತರಿಸಿದೆವು. ನಮ್ಮ ಪ್ರೊಸೆಸರಿಗೆ ಅದು ಬೇಕಾದದ್ದಕ್ಕಿಂತ ದೊಡ್ಡದೇ. ದೊಡ್ಡ ಪಾತ್ರೆಯಲ್ಲಿ ಹಾಲು ಕಾಯಿಸಿದರೆ ಉಕ್ಕಿ ಹೊರಚೆಲ್ಲುವ ಭಯವಿಲ್ಲ, ಹಾಗೆ.

ಮೇ ತಿಂಗಳ ಮೊದಲ ವಾರ ಡಬ್ಬಿ ಬಂತು. ಆ ತಾಮ್ರದ ಕೊಳವೆಗಳು ನನಗೆ ಬಹಳ ಹಿಡಿಸಿದವು. ನೋಡಲು ಗಟ್ಟಿ ಸರಳಿನಂತಿದ್ದರೂ ಒಳಗೆ ಟೊಳ್ಳು, ಅದರೊಳಗೆ ತುಸುವೇ ದ್ರವ. ಪ್ರೊಸೆಸರಿನ ಕಡೆಯ ತುದಿ ಕಾದಾಗ ದ್ರವ ಆವಿಯಾಗಿ ಮೇಲಿನ ತುದಿಗೆ ಓಡುತ್ತದೆ. ಅಲ್ಲಿ ರೆಕ್ಕೆಗಳಿಗೆ ಬಿಸಿ ಕೊಟ್ಟು ಹನಿಯಾಗಿ ಮತ್ತೆ ಕೆಳಗೆ ಬರುತ್ತದೆ. ಅನ್ನದ ಪಾತ್ರೆಯ ಮುಚ್ಚಳದಡಿ ಹನಿಗಟ್ಟಿ ಕೆಳಗಿಳಿಯುವ ನೀರನ್ನು ದಿನವೂ ನೋಡುತ್ತೇವಲ್ಲ, ಅದೇ ಆಟ.

ಪ್ರೊಸೆಸರಿಗೂ ಕೂಲರಿಗೂ ನಡುವೆ ಒಂದು ಬೂದು ಬಣ್ಣದ ಲೇಪ ಹಚ್ಚಬೇಕು. ಎರಡು ಲೋಹಗಳನ್ನು ಎಷ್ಟು ನುಣುಪಾಗಿ ಮಾಡಿದರೂ ಕಣ್ಣಿಗೆ ಕಾಣದ ಸಂದುಗಳು ಉಳಿಯುತ್ತವೆ, ಅಲ್ಲಿ ಗಾಳಿ ಕೂತು ಬಿಸಿಯನ್ನು ತಡೆಯುತ್ತದೆ. ಹಂಚಿಗೆ ತಾಗದೆ ಎದ್ದುಕೊಂಡ ಕಡೆ ರೊಟ್ಟಿ ಬೇಯುವುದಿಲ್ಲವಲ್ಲ. ಬಟಾಣಿ ಕಾಳಿನಷ್ಟು ಲೇಪ ನಡುವೆ ಇಟ್ಟು ಕೂಲರ್ ಒತ್ತಿದರೆ ಅದೇ ಹರಡಿಕೊಳ್ಳುತ್ತದೆ. ತಿರುಪುಗಳನ್ನು ಒಂದೊಂದಾಗಿ ಪೂರ್ತಿ ಬಿಗಿಯದೆ, ಆಚೆ ಅರ್ಧ ಈಚೆ ಅರ್ಧ ಎಂದು ಸಮನಾಗಿ ಬಿಗಿಯಬೇಕು. ಮಗಳ ಕೈ ನಡುಗುತ್ತಿತ್ತು. ಅವಳ ವರ್ಷದ ಅನ್ನ ಆ ಚೌಕದಲ್ಲಿತ್ತು. ನಾನು ಟಾರ್ಚು ಹಿಡಿದಿದ್ದೆ. ಒಳಗಿಂದ ಅತ್ತೆ, "ಆತೇನ? ಆತೇನ?" ಎನ್ನುತ್ತಿದ್ದರು.

ಆಯಿತು. ಮೊದಲ ದಿನ ವೇಗವನ್ನು ಮುಟ್ಟಲಿಲ್ಲ. ಇದ್ದ ವೇಗದಲ್ಲೇ ರೆಂಡರ್ ಹಚ್ಚಿದಾಗ ಬಿಸಿ 88ರಿಂದ 66 ಡಿಗ್ರಿಗೆ ಇಳಿದಿತ್ತು. ಮರುದಿನ 4.0ದಿಂದ 4.1ಕ್ಕೆ, ಅದರ ಮರುದಿನ 4.2ಕ್ಕೆ ಏರಿಸಿದಳು. ಪ್ರತಿಸಲವೂ ಕಂಪ್ಯೂಟರು ತಡವರಿಸದೆ ಇಡೀ ರೆಂಡರ್ ಮುಗಿಸುತ್ತದೋ ನೋಡಿದಳು. ವೋಲ್ಟೇಜನ್ನು ಒಮ್ಮೆ ಏರಿಸಿ, ಆಮೇಲೆ ಎಷ್ಟು ಕಡಿಮೆಯಿದ್ದರೂ ನಡೆಯುತ್ತದೆಂದು ಒಂದೊಂದೇ ಮೆಟ್ಟಿಲು ಇಳಿಸಿದಳು. ಸದ್ದು ಕಡಿಮೆ ಮಾಡುವುದರಲ್ಲಿ ಫ್ಯಾನಿನಷ್ಟೇ ಪಾಲು ಈ ಇಳಿಸುವ ಕೆಲಸಕ್ಕೂ ಇದೆಯೆಂದು ನನಗೆ ಆಗ ತಿಳಿಯಿತು. ಕೊನೆಗೆ 4.2ರಲ್ಲಿ 72 ಡಿಗ್ರಿ, ಫ್ಯಾನು ನಿಮಿಷಕ್ಕೆ 900 ಸುತ್ತಿನ ಆಸುಪಾಸು. 4.4 ಮಾಡಿ ನೋಡಲೇ ಎಂದು ಒಮ್ಮೆ ಕೇಳಿದಳು. "ಬ್ಯಾಡಗಿ" ಎಂದೆ. ಸುಮ್ಮನಾದಳು.

ಇಷ್ಟಾದರೂ ಒಂದು ಸಣ್ಣ ಗುಂಯ್‌ಗುಟ್ಟುವಿಕೆ ಉಳಿದಿತ್ತು. ದೊಡ್ಡ ಸಪ್ಪಳ ಹೋದ ಮೇಲೆ ಅದರಡಿ ಅಡಗಿದ್ದ ಸಣ್ಣವು ಹೊರಗೆ ಬರುತ್ತವೆ. ಹುಡುಕಿದರೆ ಅದು ಹಾರ್ಡ್‌ಡಿಸ್ಕಿನ ನಡುಕ, ತಗಡಿನ ಮೇಜಿಗೆ ತಾಗಿ ಮೇಜೇ ಗುನುಗುತ್ತಿತ್ತು. ಹಳೆಯ ಹವಾಯಿ ಚಪ್ಪಲಿಯಿಂದ ನಾಲ್ಕು ತುಂಡು ರಬ್ಬರು ಕತ್ತರಿಸಿ ನಾಲ್ಕು ಮೂಲೆಗೆ ಕೊಟ್ಟೆ, ನಿಂತಿತು. ಇನ್ನೊಂದು ತೊಂದರೆಯೆಂದರೆ ಫ್ಯಾನು ಗಳಿಗೆಗೊಮ್ಮೆ ಏರಿ ಇಳಿದು ಮಾಡುವುದು. ಒಂದೇ ಸಮನೆ ಇರುವ ಸದ್ದಿಗಿಂತ ಏರಿಳಿಯುವ ಸದ್ದು ಹೆಚ್ಚು ಕಿರಿಕಿರಿ. ಬಿಸಿ 65 ಡಿಗ್ರಿ ದಾಟುವವರೆಗೆ ಫ್ಯಾನು ಒಂದೇ ನಡಿಗೆಯಲ್ಲಿರುವಂತೆಯೂ, ಆಮೇಲೆ ನಿಧಾನವಾಗಿ ಏರುವಂತೆಯೂ ಮಗಳು ಹೊಂದಿಸಿದಳು. ಧೂಳಿನ ಕೆಲಸ ನನ್ನ ಪಾಲಿಗೆ ಬಂತು. ರೆಕ್ಕೆಗಳ ನಡುವೆ ಧೂಳು ಕೂತರೆ ಗಾಳಿ ನುಗ್ಗುವುದಿಲ್ಲ, ಫ್ಯಾನು ಮತ್ತೆ ಜೋರು ಮಾಡುತ್ತದೆ. ಸುಗ್ಗಿಯಲ್ಲಿ ಊರ ಸುತ್ತ ಗೋವಿನಜೋಳ ಒಕ್ಕುವಾಗಿನ ಧೂಳು ನಿಮಗೆ ಗೊತ್ತೇ ಇದೆ. ತಿಂಗಳಿಗೊಮ್ಮೆ, ಕಂಪ್ಯೂಟರು ಆರಿಸಿ, ಬಣ್ಣ ಹಚ್ಚುವ ಮೆತ್ತನೆಯ ಕುಂಚದಿಂದ ಬಳಿಯುತ್ತೇನೆ.

ಎಲ್ಲ ಮುಗಿದ ಮೇಲೆ ಮತ್ತೆ ಪರೀಕ್ಷೆ. ಬಾಗಿಲಲ್ಲಿ ಮೊಬೈಲು 37 ತೋರಿಸಿತು. ನಾನು ಕೋಣೆಗೆ ಹೋಗಿ ಕರೆಯಬೇಕೆಂದಿದ್ದಾಗ ಅತ್ತೆ, "ನೀ ಯಾಕ ಕರೀತಿ? ಬಾಯಿ ನನಗೈತಿ" ಎಂದರು. ನಾನು ಪಡಸಾಲೆಗೆ ಬಂದು ಕೂತೆ. ರೆಂಡರ್ ನಡೆದಿತ್ತು. ಒಳಗಿಂದ ಸಣ್ಣಗೆ, "ತಂಗೀ" ಎಂದರು.

"ಹಾಂ ಅಜ್ಜಿ" ಎಂದಳು ಮಗಳು, ತಿರುಗಿ ಕೂಡ ನೋಡದೆ, ಕೆಲಸ ಮಾಡುತ್ತಲೇ. ಅತ್ತೆ ನಕ್ಕದ್ದೂ ನನಗೆ ಹೊರಗೆ ಕೇಳಿಸಿತು.

ನಾನು ಎಣಿಸಿರದ ಇನ್ನೊಂದು ಲಾಭವೂ ಆಯಿತು. ಮಗಳು ಹೆಡ್‌ಫೋನು ಹಾಕಿಕೊಳ್ಳುತ್ತಿದ್ದದ್ದು ಬಹುಪಾಲು ಆ ಸಪ್ಪಳ ತಾಳಲಾರದೆ. ಈಗ ಅದನ್ನು ತೆಗೆದಿಟ್ಟಳು. ಕಿವಿ ಮಂದವಾದ ಮುದುಕರಿಗೆ ಸಪ್ಪಳದ ನಡುವೆ ಮಾತು ಬಿಡಿಸಿ ಕೇಳುವುದು ಇನ್ನೂ ಕಷ್ಟ. ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ನಮ್ಮ ಮಾತಿಗೆ ಅತ್ತೆ ಎಷ್ಟೋ ಸಲ ಸುಮ್ಮನೆ ತಲೆಯಾಡಿಸುತ್ತಿದ್ದದ್ದು ಅದಕ್ಕೇ ಇರಬೇಕು. ಸಪ್ಪಳ ತಗ್ಗಿದ ಮೇಲೆ ರಾತ್ರಿ ನಿದ್ದೆ ಬಾರದಾಗ ಅಜ್ಜಿ ಒಳಗಿಂದ ಕೇಳುತ್ತಿದ್ದರು, ಮೊಮ್ಮಗಳು ಹೊರಗಿಂದ ಹೇಳುತ್ತಿದ್ದಳು. "ಈಗ ಯಾರ ಲಗ್ನ ನಡದೈತಿ?" "ರಾಣೆಬೆನ್ನೂರಿಂದು ಅಜ್ಜಿ." "ಹುಡುಗಿ ಸೀರಿ ಬಣ್ಣ ಯಾವುದ?" "ಮೆಣಸಿನಕಾಯಿ ಕೆಂಪು." "ಹಂಗಾರ ಅಳಾಕತ್ತಿರಬೇಕು, ನಾನೂ ಅದ ಬಣ್ಣದ ಸೀರಿ ಉಟ್ಟು ಅತ್ತಿದ್ದೆ." ಹದಿನಾರನೇ ವಯಸ್ಸಿಗೆ ಚಕ್ಕಡಿಯಲ್ಲಿ ಈ ಊರಿಗೆ ಬಂದ ಕತೆಯನ್ನು ಅವರು ನನಗೆ ಮೂವತ್ತು ವರ್ಷದಲ್ಲಿ ಹೇಳಿರಲಿಲ್ಲ. ಅದನ್ನು ಪಡಸಾಲೆಯ ಚಾಪೆಯ ಮೇಲೆ ಮಲಗಿ, ನಿದ್ದೆ ಬಂದವಳಂತೆ ಕಣ್ಣು ಮುಚ್ಚಿಕೊಂಡು ಕೇಳಿದೆ. ಆಮೇಲೆ ಹಾಸಿಗೆ ಒದ್ದೆಯಾದದ್ದು ಒಂದೆರಡು ಸಲ ಮಾತ್ರ. ಆಗಲೂ ಅವರು ಗೋಡೆಯ ಕಡೆ ತಿರುಗಿಕೊಳ್ಳಲಿಲ್ಲ.

2023ರ ಶ್ರಾವಣದಲ್ಲಿ ಅತ್ತೆ ತೀರಿಕೊಂಡರು. ಮಧ್ಯರಾತ್ರಿ "ನೀರು" ಎಂದರು. ಒಂದೇ ಸಲ. ಮಗಳಿಗೂ ಕೇಳಿಸಿತು, ನನಗೂ ಕೇಳಿಸಿತು, ಇಬ್ಬರೂ ಒಟ್ಟಿಗೆ ಎದ್ದೆವು. ಎರಡು ಗುಟುಕು ಕುಡಿದು ಮಲಗಿದವರು ಬೆಳಗಿನ ಜಾವಕ್ಕೆ ಹೋಗಿಬಿಟ್ಟಿದ್ದರು.

ಈಗ ಆ ಕೋಣೆ ಖಾಲಿ. ಕಂಪ್ಯೂಟರು ಎಷ್ಟು ಸಪ್ಪಳ ಮಾಡಿದರೂ ಬೇಡವೆನ್ನುವವರಿಲ್ಲ. ಫ್ಯಾನನ್ನು ಜೋರು ಮಾಡಿ, 4.4ಕ್ಕೆ ಏರಿಸಿ, ಇನ್ನೂ ಹತ್ತು ನಿಮಿಷ ಉಳಿಸಿಕೊಳ್ಳಬಹುದು. ಮಗಳು ಹಾಗೆ ಮಾಡಿಲ್ಲ. ಯಾಕೆಂದು ನಾನೂ ಕೇಳಿಲ್ಲ. ಮಹಾನವಮಿಯ ಆಯುಧಪೂಜೆಯ ದಿನ ಅವಳು ಪಕ್ಕದ ತಗಡು ತೆಗೆಯುತ್ತಾಳೆ, ನಾನು ಕುಂಚ ಹಿಡಿದು ರೆಕ್ಕೆಗಳ ಸಂದಿನ ಧೂಳು ತೆಗೆಯುತ್ತೇನೆ. ಕುಂಕುಮ ಹಚ್ಚಿ, ಹೂವಿಟ್ಟು, ಮತ್ತೆ ಕರೆಂಟು ಹಾಕುತ್ತೇವೆ. ಫ್ಯಾನು ತಿರುಗುತ್ತದೆ. ತಿರುಗುತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡಿಯೇ ತಿಳಿಯಬೇಕು.